‘ಆರ್ವೊ’ ಎಂದರೆ ಎಷ್ಟು ಹೊತ್ತಿಗೆ?

ಮೆಲ್ಬರ್ನ್‌ಗೆ ಬಂದ ಹೊಸತರಲ್ಲಿ ಅಡುಗೆಮನೆಯ ನಲ್ಲಿ ಸೋರುತ್ತಿದೆಯೆಂದು ಪ್ಲಂಬರ್‌ಗೆ ಫೋನ್ ಮಾಡಿದಾಗ, ಆತ ‘ದಿಸ್ ಆರ್ವೊ’ ಬರುವೆನೆಂದಷ್ಟೇ ಹೇಳಿ ಮಾತು ಮುಗಿಸಿದ. ಅದು ‘ಆಫ್ಟರ್‌ನೂನ್’ ಎಂಬುದರ ಆಡುರೂಪವೆಂದು ಪಕ್ಕದ ಮನೆಯವರಿಂದ ತಿಳಿದುಕೊಂಡು, ನಲ್ಲಿಯ ಕೆಳಗೆ ತುಂಬಿದ ಪಾತ್ರೆಗಳನ್ನು ಬದಲಾಯಿಸುತ್ತ ಹನ್ನೆರಡೂವರೆಯಿಂದಲೇ ಕಾದು ಕುಳಿತೆ. ಆತ ಬಂದದ್ದು ನಾಲ್ಕೂವರೆಗೆ. ತಡವಾಯಿತೆಂಬ ಅಳುಕು ಮುಖದಲ್ಲಿ ಚೂರೂ ಇರಲಿಲ್ಲ.

ಎಡವಿದ್ದು ನಾನೇ. ಆಫ್ಟರ್‌ನೂನ್ ಎಂದೊಡನೆ ನನ್ನ ಮನಸ್ಸು ‘ಮಧ್ಯಾಹ್ನ’ ಎಂದು ಅನುವಾದಿಸಿಕೊಂಡಿತ್ತು. ನಮ್ಮ ಮಧ್ಯಾಹ್ನ ಮೂರು ಗಂಟೆಗೆಲ್ಲ ಮುಗಿದು, ನಾಲ್ಕಕ್ಕೆ ಸಂಜೆ ಕಾಲಿಟ್ಟಿರುತ್ತದೆ. ಇಲ್ಲಿನವರ ಆರ್ವೊ ಮಾತ್ರ ಊಟದ ಹೊತ್ತಿಗೆ ಆರಂಭವಾಗಿ ಐದು ಗಂಟೆಯವರೆಗೂ ಆರಾಮವಾಗಿ ಹರಡಿಕೊಂಡಿರುತ್ತದೆ. ಅರ್ಥದಲ್ಲಿ ಇದಕ್ಕೆ ಸರಿಸಾಟಿಯಾದ ‘ಅಪರಾಹ್ನ’ ನಮ್ಮಲ್ಲಿದ್ದರೂ ಅದು ಆಮಂತ್ರಣ ಪತ್ರಿಕೆಯಿಂದ ಹೊರಗೆ ಬರುವುದೇ ಅಪರೂಪ, ಆರ್ವೊ ಆದರೋ ಆಮಂತ್ರಣ ಪತ್ರಿಕೆಯೊಳಗೆ ಹೋಗುವುದೇ ಅಪರೂಪ.

ಕಚೇರಿಯಲ್ಲಿ ಮೇಲಧಿಕಾರಿಯೂ ‘ಈ ಆರ್ವೊ ಮಾತಾಡೋಣ’ ಎನ್ನುತ್ತಾರೆ. ಮೊಬೈಲ್ ಸಂದೇಶಗಳಲ್ಲಿ ‘ದಿಸ್’ ಎಂಬುದೂ ಕರಗಿ ‘ಸಾರ್ವೊ’ ಆಗಿಬಿಡುತ್ತದೆ. ಪೆಟ್ರೋಲ್ ಬಂಕ್ ‘ಸರ್ವೊ’, ಕೆಲಸದ ನಡುವಿನ ವಿರಾಮ ‘ಸ್ಮೋಕೊ’, ಆಂಬುಲೆನ್ಸ್ ಸಿಬ್ಬಂದಿ ‘ಆಂಬೊ’, ಮದ್ಯದಂಗಡಿ ‘ಬಾಟಲ್-ಒ’ ಆದದ್ದೂ ಇದೇ ಜಾಡಿನಲ್ಲಿ. ಇದೆಲ್ಲ ಮಾತಿನ ಸೋಮಾರಿತನವೆಂದು ಹೇಳುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಜಾನ್ ಎಂಬ ಪುಟ್ಟ ಹೆಸರನ್ನು ‘ಜಾನೊ’ ಎಂದು ಹಿಗ್ಗಿಸಿ ಕರೆಯುವ ಜನಕ್ಕೆ ಉಸಿರು ಉಳಿಸುವುದಕ್ಕಿಂತ ಸಲುಗೆ ತೋರುವುದೇ ಮುಖ್ಯವೆಂದು ಕಾಣುತ್ತದೆ.

ಉಚ್ಚಾರಣೆಯಲ್ಲಿಯೂ ಒಂದು ತೊಡಕಿದೆ. ಬರೆದದ್ದನ್ನೆಲ್ಲ ಓದುವ ನಮ್ಮ ನಾಲಿಗೆ ನಡುವಿನ ರಕಾರವನ್ನು ಚೆನ್ನಾಗಿಯೇ ಉರುಳಿಸುತ್ತದೆ. ಆಸ್ಟ್ರೇಲಿಯದವರ ಬಾಯಲ್ಲಿ ಆ ರಕಾರಕ್ಕೆ ದನಿಯೇ ಇಲ್ಲ, ಅದು ‘ಆ’ ದೀರ್ಘವೆಂದು ಸೂಚಿಸುತ್ತದೆ, ಅಷ್ಟೇ. ಹಾಗೆಂದು ರಕಾರವನ್ನು ಕೈಬಿಡುವ ಭರದಲ್ಲಿ ಸ್ವರವನ್ನೂ ಬದಲಿಸಿ ‘ಆ್ಯವೊ’ ಎಂದರೆ ಅದು ಬೆಣ್ಣೆಹಣ್ಣು, ಅಂದರೆ ಆವಕಾಡೊ. ‘ಈ ಆ್ಯವೊ ಸಿಗೋಣ’ ಎಂದು ನಾನು ಹೇಳಿದ ದಿನ ಸಹೋದ್ಯೋಗಿಯೊಬ್ಬರು ಬಹಳ ಗಂಭೀರವಾಗಿ, ಟೋಸ್ಟ್ ತಾವೇ ತರುವುದಾಗಿ ಒಪ್ಪಿಕೊಂಡರು.