ಎಂಎಸ್ಸಿ ಎಂಎಲ್‌ಟಿ: ಮೆಷಿನ್ ಕೊಟ್ಟ ಅಂಕಿಯನ್ನು ಯಾವಾಗ ನಂಬಬಾರದು

ಬಿಎಸ್ಸಿ ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ಮುಗಿಸಿದವರಿಗೆ ಟೆಸ್ಟ್ ಮಾಡಲು ಬರುತ್ತದೆ. ರಕ್ತ ತೆಗೆಯಲು, ಸ್ಮಿಯರ್ ಎಳೆಯಲು, ಅನಲೈಸರ್ ಓಡಿಸಲು ಇನ್ನೆರಡು ವರ್ಷ ಓದಬೇಕಾಗಿಲ್ಲ. ಮೆಷಿನ್ ಕೊಟ್ಟ ಅಂಕಿಯನ್ನು ಯಾವಾಗ ತಡೆಹಿಡಿಯಬೇಕು, ಅದು ಯಾಕೆ ತಪ್ಪಿತು ಎಂದು ಹೇಳುವ ಕಸುಬು ಎಂಎಸ್ಸಿಯದು. ಇದನ್ನು ತಲೆಯಲ್ಲಿಟ್ಟುಕೊಂಡರೆ ಕಾಲೇಜು, ವಿಭಾಗ, ಥೀಸಿಸ್ ಮೂರನ್ನೂ ಆರಿಸುವುದು ಸುಲಭ.

ಮೊದಲು ಹೆಸರುಗಳ ಗೊಂದಲ ಬಿಡಿಸೋಣ. ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿಯಲ್ಲಿ ಓದುವ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಎಂಎಸ್ಸಿಗಳು ವಿಜ್ಞಾನ ಪದವಿಗಳು. ಆಸ್ಪತ್ರೆಯ ಸ್ಯಾಂಪಲ್ ಮುಟ್ಟದೆಯೂ ಅವನ್ನು ಮುಗಿಸಬಹುದು. ಎಂಎಸ್ಸಿ ಎಂಎಲ್‌ಟಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿಯ ಅಲೈಡ್ ಹೆಲ್ತ್ ಕೋರ್ಸು. ಎರಡು ವರ್ಷ, ಆಸ್ಪತ್ರೆಯ ಲ್ಯಾಬಿನಲ್ಲೇ. 2021ರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ಬಂದ ಮೇಲೆ ಈ ವ್ಯತ್ಯಾಸದ ತೂಕ ಹೆಚ್ಚಿದೆ. ನಿಮಗೆ ಬೇಕಾದ ವಿಭಾಗಕ್ಕೆ ಆ ಕಾಲೇಜಿಗೆ ಆ ವರ್ಷದ ಅನುಮತಿ ಇದೆಯೇ ಎಂಬುದನ್ನು ವಿವಿಯ ಪಟ್ಟಿಯಲ್ಲೇ ನೋಡಿ, ಅಡ್ಮಿಷನ್ ಕೌಂಟರಿನ ಮಾತಿನ ಮೇಲೆ ಫೀ ಕಟ್ಟಬೇಡಿ.

ವಿಭಾಗ ಆರಿಸುವಾಗ ಸಿಲಬಸ್‌ಗಿಂತ ಲ್ಯಾಬನ್ನು ನೋಡುವುದು ಒಳ್ಳೆಯದು. ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಸ್ಯಾಂಪಲ್ ಸ್ವೀಕರಿಸುವ ಕಿಟಕಿಯ ಬಳಿ ನಿಂತರೆ ಅರ್ಧ ಗೊತ್ತಾಗುತ್ತದೆ. ದಿನಕ್ಕೆ ಎಷ್ಟು ಕಲ್ಚರ್ (ಜೀವಾಣು ಬೆಳೆಸಿ ನೋಡುವ ಸ್ಯಾಂಪಲ್) ಬರುತ್ತವೆ? ರಿಜೆಕ್ಟ್ ಆದ ಸ್ಯಾಂಪಲ್‌ಗಳ ರಿಜಿಸ್ಟರ್ ಇದೆಯೇ? ಮೈನಸ್ 80 ಡಿಗ್ರಿಯ ಫ್ರೀಜರ್ ಇದೆಯೇ, ಅದಕ್ಕೆ ಜನರೇಟರ್ ಲೈನ್ ಇದೆಯೇ? ಹೊರಗಿನ ಗುಣಮಟ್ಟ ಪರೀಕ್ಷೆಗೆ, ಉದಾಹರಣೆಗೆ ವೆಲ್ಲೂರಿನ ಸಿಎಂಸಿ ನಡೆಸುವ ಬಯೋಕೆಮಿಸ್ಟ್ರಿ ಸ್ಕೀಮಿಗೆ, ನೋಂದಾಯಿಸಿದ್ದಾರೆಯೇ? ರಿಜೆಕ್ಷನ್ ರಿಜಿಸ್ಟರ್ ಖಾಲಿ ಇದ್ದರೆ ಅಲ್ಲಿ ಕೆಟ್ಟ ಸ್ಯಾಂಪಲ್ ಬರುವುದಿಲ್ಲವೆಂದು ತಿಳಿಯಬೇಡಿ. ಬಂದದ್ದನ್ನೆಲ್ಲ ಓಡಿಸುತ್ತಾರೆ, ಅಷ್ಟೇ.

ದಾವಣಗೆರೆ, ಚಿತ್ರದುರ್ಗ ಸೀಮೆಯ ಲ್ಯಾಬುಗಳಿಗೆ ಬಿಸಿಲು ದೊಡ್ಡ ಪಾಠ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕಲೆಕ್ಷನ್ ಸೆಂಟರಿನಲ್ಲಿ ತೆಗೆದ ರಕ್ತ ನಗರದ ಲ್ಯಾಬಿಗೆ ಬರಲು ಎರಡು ಮೂರು ತಾಸು ಹಿಡಿಯುವುದು ಮಾಮೂಲು. ಬೇರ್ಪಡಿಸದ ರಕ್ತದಲ್ಲಿ ಗ್ಲೂಕೋಸ್ ಸಾಮಾನ್ಯ ಕೋಣೆಯ ತಾಪದಲ್ಲೇ ತಾಸಿಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಬೇಗ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬೂ ಪೂರ್ತಿ ಕಾಪಾಡುವುದಿಲ್ಲ. ಫ್ಲೋರೈಡ್ ಹಿಡಿತ ಸಾಧಿಸಲು ಒಂದು ತಾಸಿಗೂ ಮೇಲೆ ಬೇಕು, ಅಷ್ಟರಲ್ಲಿ ಸ್ವಲ್ಪ ಇಳಿದೇ ಇರುತ್ತದೆ. ಹಾಗಾದರೆ ಐಸ್ ಬಾಕ್ಸಿನಲ್ಲಿ ಕಳಿಸೋಣ ಎಂದರೆ ಪೊಟ್ಯಾಸಿಯಂ ಕೆಡುತ್ತದೆ. ತಂಪಿನಲ್ಲಿ ಕೆಂಪು ಕಣದ ಸೋಡಿಯಂ–ಪೊಟ್ಯಾಸಿಯಂ ಪಂಪು ನಿಲ್ಲುವುದರಿಂದ ಒಳಗಿನ ಪೊಟ್ಯಾಸಿಯಂ ಸೀರಮಿಗೆ ಸೋರುತ್ತದೆ. ಹೀಮೊಲೈಸಿಸ್ (ಕೆಂಪು ಕಣ ಒಡೆಯುವುದು) ಆದಾಗಿನ ಕೆಂಪು ಬಣ್ಣ ಕಾಣದೆಯೇ ಅಂಕಿ ಏರುವುದರಿಂದ ಇದು ಕೈಗೆ ಸಿಗುವುದೂ ಕಷ್ಟ.

ಇದಕ್ಕೆ ಮದ್ದು ಒಂದೇ: ತೆಗೆದಲ್ಲೇ ಬೇರ್ಪಡಿಸುವುದು. ಸೀರಮ್ ಟ್ಯೂಬನ್ನು ಅರ್ಧ ತಾಸು ನೆಟ್ಟಗೆ ನಿಲ್ಲಿಸಿ, ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜಿನಲ್ಲಿ ಸುಮಾರು 1500 ಜಿ (ಗುರುತ್ವದ 1500 ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಬೇಕು. ಪೂರ್ತಿ ಹೆಪ್ಪುಗಟ್ಟುವ ಮೊದಲೇ ತಿರುಗಿಸಿದರೆ ಫೈಬ್ರಿನ್ ಎಳೆಗಳು ಉಳಿದು ಅನಲೈಸರಿನ ಪ್ರೋಬ್ ಕಟ್ಟಿಕೊಳ್ಳುತ್ತದೆ. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಬರಿ 3000 ಆರ್‌ಪಿಎಂ ಎಂದಿದ್ದರೆ ಅದು ಅರೆ ಮಾಹಿತಿ. ರೋಟರಿನ ತ್ರಿಜ್ಯ 15 ಸೆಂಟಿಮೀಟರ್ ಇದ್ದರೆ 3000ಕ್ಕೆ ಸುಮಾರು 1500 ಜಿ ಸಿಗುತ್ತದೆ. 10 ಸೆಂಟಿಮೀಟರಿನ ಸಣ್ಣ ಯಂತ್ರದಲ್ಲಿ ಅದೇ ವೇಗಕ್ಕೆ 1000 ಮಾತ್ರ. ಸೆಂಟಿಮೀಟರಿನ ತ್ರಿಜ್ಯವನ್ನು 0.00001118ರಿಂದ ಗುಣಿಸಿ, ಆರ್‌ಪಿಎಂನ ವರ್ಗದಿಂದ ಮತ್ತೆ ಗುಣಿಸಿದರೆ ಲೆಕ್ಕ ಸಿಗುತ್ತದೆ.

ಇದೇ ಬಿಸಿಲು ಮೈಕ್ರೋಬಯಾಲಜಿಗೂ ಕೈ ಹಾಕುತ್ತದೆ. ಸಾಮಾನ್ಯ ಇನ್ಕ್ಯುಬೇಟರಿಗೆ ಹೀಟರ್ ಇರುತ್ತದೆ, ಕೂಲರ್ ಇರುವುದಿಲ್ಲ. ಕೋಣೆಯೇ 38 ಡಿಗ್ರಿ ಕಾದಿದ್ದರೆ ನೀವು 35ಕ್ಕೆ ಇಟ್ಟರೂ ಒಳಗೆ 38ರ ಕೆಳಗೆ ಇಳಿಯದು. ಸ್ಟೆಫಿಲೋಕಾಕಸ್‌ನ ಮೆಥಿಸಿಲಿನ್ ಪ್ರತಿರೋಧ 35 ಡಿಗ್ರಿ ದಾಟಿದರೆ ಕಣ್ತಪ್ಪಬಹುದು, ಪ್ರತಿರೋಧ ಇರುವ ಜೀವಾಣು ಔಷಧಕ್ಕೆ ಬಗ್ಗುತ್ತದೆಂದು ರಿಪೋರ್ಟ್ ಹೋಗುತ್ತದೆ. ಜೀವಾಣು ಬೆಳೆಸುವ ಮೀಡಿಯಾದ ದಪ್ಪ 4 ಮಿಲಿಮೀಟರ್, ಜೀವಾಣು ಬೆರೆಸಿದ ದ್ರವದ ಮಬ್ಬು ಮ್ಯಾಕ್‌ಫರ್ಲ್ಯಾಂಡ್ ಅಳತೆಯಲ್ಲಿ 0.5, ಸಸ್ಪೆನ್ಷನ್ ಮಾಡಿ 15 ನಿಮಿಷದೊಳಗೆ ಬಳಿಯುವುದು, ಇವೆಲ್ಲ ಎಲ್ಲರಿಗೂ ಬಾಯಿಪಾಠ. ಇನ್ಕ್ಯುಬೇಟರಿನೊಳಗೆ ಪ್ರತ್ಯೇಕ ಥರ್ಮಾಮೀಟರ್ ಇಟ್ಟು ಮಧ್ಯಾಹ್ನ ಎರಡಕ್ಕೆ ಓದುವವರು ಕಡಿಮೆ.

ಬೋರ್‌ವೆಲ್ ನೀರಿನದು ಇನ್ನೊಂದು ತಕರಾರು. ಗಡುಸು ನೀರು ಆರ್‌ಒ ಮೆಂಬ್ರೇನನ್ನು ಬೇಗ ಕಟ್ಟಿಸುತ್ತದೆ. ಕ್ಯುವೆಟ್ (ಅನಲೈಸರ್ ಒಳಗಿನ ಅಳತೆಯ ಪುಟ್ಟ ಪಾತ್ರೆ) ತೊಳೆಯುವ ನೀರಿನಲ್ಲಿ ಕ್ಯಾಲ್ಸಿಯಂ ಉಳಿದರೆ ರೋಗಿಗಳ ಕ್ಯಾಲ್ಸಿಯಂ ಕೂಡ ಏರುಪೇರಾಗುತ್ತದೆ. ಕ್ಲಿನಿಕಲ್ ಲ್ಯಾಬಿನ ನೀರಿಗೆ ಲ್ಯಾಬ್ ಮಾನದಂಡಗಳ ಸಂಸ್ಥೆ ಸಿಎಲ್‌ಎಸ್‌ಐ ಕೇಳುವ ರೋಧಕತೆ ಕನಿಷ್ಠ 10 ಮೆಗಾಓಮ್ ಸೆಂಟಿಮೀಟರ್. ಕ್ಯಾನಿನಲ್ಲಿ ತರಿಸಿದ "ಡಿಸ್ಟಿಲ್ಡ್" ನೀರನ್ನು ಒಮ್ಮೆ ಮೀಟರಿನಲ್ಲಿ ಅಳೆದು ನೋಡಿ.

ಇನ್ನು ಕ್ಯುಸಿ, ಅಂದರೆ ಅಂಕಿ ಮೊದಲೇ ಗೊತ್ತಿರುವ ಕಂಟ್ರೋಲ್ ಓಡಿಸಿ ಮೆಷಿನನ್ನು ಪರೀಕ್ಷಿಸುವುದು. ಕಂಟ್ರೋಲ್ ಬಾಟಲಿಯ ಇನ್ಸರ್ಟಿನಲ್ಲಿರುವ ರೇಂಜ್ ಬಹಳ ಅಗಲ, ಅದನ್ನೇ ನಂಬಿದರೆ ಎಲ್ಲ ದಿನವೂ ಪಾಸ್. ಕನಿಷ್ಠ 20 ದಿನ ಓಡಿಸಿ ನಿಮ್ಮದೇ ಸರಾಸರಿ, ನಿಮ್ಮದೇ ಎಸ್‌ಡಿ (ಸರಾಸರಿಯಿಂದ ಅಂಕಿಗಳು ಚದುರುವ ಅಳತೆ) ಕಟ್ಟಿಕೊಳ್ಳಿ. ಗ್ಲೂಕೋಸ್ ಕಂಟ್ರೋಲಿನ ಸರಾಸರಿ 100, ಎಸ್‌ಡಿ 3 ಎಂದಿಟ್ಟುಕೊಳ್ಳಿ. 107 ಬಂದರೆ ಎಚ್ಚರಿಕೆ, 110 ಬಂದರೆ ನಿಲ್ಲಿಸಬೇಕು. ಕಂಟ್ರೋಲಿನ ಒಂದು ಲೆವೆಲ್ (ಕಡಿಮೆ ಅಥವಾ ಹೆಚ್ಚು ಮಟ್ಟ) ಎರಡು ಎಸ್‌ಡಿ ಮೇಲೆ, ಇನ್ನೊಂದು ಎರಡು ಎಸ್‌ಡಿ ಕೆಳಗೆ ಹೋದರೆ ಗಾಳಿಗುಳ್ಳೆ, ಪಿಪೆಟಿಂಗ್ ತರಹದ ತೊಂದರೆ ಹುಡುಕಿ. ಹತ್ತು ಓದು ಸತತವಾಗಿ ಸರಾಸರಿಯ ಒಂದೇ ಬದಿಗೆ ಕೂತರೆ ರಾಸಾಯನಿಕದ ಹೊಸ ಲಾಟ್, ಕ್ಯಾಲಿಬ್ರೇಶನ್, ದಣಿದ ಲ್ಯಾಂಪ್ ಕಡೆ ನೋಡಿ. ಎರಡು ಲೆವೆಲ್ ಓಡಿಸಿ ಎರಡು ಎಸ್‌ಡಿಗೇ ರಿಜೆಕ್ಟ್ ಮಾಡುವ ಲ್ಯಾಬ್ ಏನೂ ತಪ್ಪಿಲ್ಲದೆಯೇ ಸುಮಾರು ಶೇ 9ರಷ್ಟು ಸಲ ನಿಲ್ಲುತ್ತದೆ. ಅದಕ್ಕೇ ಟೆಕ್ನೀಷಿಯನ್‌ಗಳು "ಒಳಗೆ ಬರುವ ತನಕ" ಕಂಟ್ರೋಲ್ ಓಡಿಸುವ ಚಟಕ್ಕೆ ಬೀಳುತ್ತಾರೆ. ನಿಯಮ ಸರಿಯಿಲ್ಲದ್ದಕ್ಕೆ ಬೈಗುಳ ಮಾತ್ರ ಅವರಿಗೆ.

ಪೊಟ್ಯಾಸಿಯಂ ತೀರಾ ಏರಿ 8, ಕ್ಯಾಲ್ಸಿಯಂ ತೀರಾ ಇಳಿದು 4, ಜೊತೆಗೆ ಎಎಲ್‌ಪಿ ಎಂಬ ಕಿಣ್ವ ನೆಲ ಕಚ್ಚಿದೆ ಎಂದರೆ ಕಾಯಿಲೆ ಹುಡುಕುವ ಮುನ್ನ ನೇರಳೆ ಟ್ಯೂಬಿನ ರಕ್ತವನ್ನು ಸೀರಮ್ ಟ್ಯೂಬಿಗೆ ಸುರಿದವರನ್ನು ಹುಡುಕಿ. ನೇರಳೆ ಟ್ಯೂಬಿನಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎಯ ಪೊಟ್ಯಾಸಿಯಂ ಒಳಗೆ ಸೇರಿದೆ, ಕ್ಯಾಲ್ಸಿಯಂ ಅದಕ್ಕೆ ಅಂಟಿಕೊಂಡಿದೆ, ಎಎಲ್‌ಪಿಗೆ ಬೇಕಾದ ಸತು, ಮೆಗ್ನೀಸಿಯಂ ಕೂಡ ಹೋಗಿವೆ.

ಥೀಸಿಸ್ ವಿಷಯಕ್ಕೆ ಬರುವಷ್ಟರಲ್ಲಿ ಮೊದಲ ವರ್ಷದ ನಾಲ್ಕು ತಿಂಗಳು ಮೀರಿರಬಾರದು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಗುವ ಮೊದಲು ತೆಗೆದ ಒಂದು ಸ್ಯಾಂಪಲನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಕನ್ನಡದಲ್ಲಿರಲಿ. ಮಧುಮೇಹಿಗಳಲ್ಲಿ ವಿಟಮಿನ್ ಡಿ ಎಂಬ ವಿಷಯವನ್ನು ದಯವಿಟ್ಟು ಬಿಡಿ, ಕಪಾಟು ತುಂಬಿ ಹೋಗಿದೆ.

ಇಲ್ಲಿಗೆ ಒಗ್ಗುವ, ಖರ್ಚೂ ಕಡಿಮೆಯ ವಿಷಯ ಫ್ಲೋರೈಡ್. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಹಲವು ಕಡೆ ಅಂತರ್ಜಲದಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುತ್ತದೆ. ಫ್ಲೋರೈಡ್ ಎಲೆಕ್ಟ್ರೋಡ್ ಒಂದಿದ್ದರೆ ಮೂತ್ರದ ನೂರಾರು ಸ್ಯಾಂಪಲ್ ಅಳೆಯಬಹುದು. ಸ್ಯಾಂಪಲ್ ಮತ್ತು ಟಿಸಾಬ್ (ಈ ಅಳತೆಗೆ ಬಳಸುವ ದ್ರಾವಣ) ಬಫರ್ ಸಮಪಾಲು ಬೆರೆಸಿ, ಪ್ಲಾಸ್ಟಿಕ್ ಬೀಕರಿನಲ್ಲೇ ಅಳೆಯಬೇಕು, ಗಾಜು ಫ್ಲೋರೈಡನ್ನು ಹಿಡಿದುಕೊಳ್ಳುತ್ತದೆ. ಸಾಂದ್ರತೆ ಹತ್ತು ಪಟ್ಟಾದರೆ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ಬದಲಾಗಬೇಕು; 50ರ ಆಸುಪಾಸಿಗೆ ಇಳಿದಿದ್ದರೆ ಎಲೆಕ್ಟ್ರೋಡ್ ಅಥವಾ ಸ್ಟ್ಯಾಂಡರ್ಡ್ ಕೆಟ್ಟಿದೆ. ಒಂದು ಹೊತ್ತಿನ ಮೂತ್ರವಾದರೆ ಕ್ರಿಯಾಟಿನಿನ್ ಜೊತೆ ಅನುಪಾತ ಕೊಡಿ. ರಕ್ತದಲ್ಲಿ ಅಳೆಯುವುದಾದರೆ ಬೂದು ಟ್ಯೂಬ್ ಮುಟ್ಟಬೇಡಿ, ಅದರೊಳಗೆ ಇರುವುದೇ ಸೋಡಿಯಂ ಫ್ಲೋರೈಡ್. ನಗೆ ಬರುತ್ತದೆ, ಆದರೆ ಬಿಡುವಿಲ್ಲದ ಓಪಿಡಿಯಲ್ಲಿ ಕೈ ತಾನಾಗಿ ಅದಕ್ಕೇ ಹೋಗುತ್ತದೆ.

ಎಲೈಸಾ (ಗುಳಿಗಳ ಪ್ಲೇಟಿನಲ್ಲಿ ಆಂಟಿಬಾಡಿ ಬಳಸಿ ಅಳೆಯುವ ವಿಧಾನ) ಆರಿಸಿಕೊಂಡವರು ಸಿನಾಪ್ಸಿಸ್ (ಥೀಸಿಸ್‌ನ ಮುಂಗಡ ಯೋಜನೆ) ಬರೆಯುವ ಮೊದಲೇ ಪ್ಲೇಟ್ ಲೆಕ್ಕ ಹಾಕಲಿ. 96 ಗುಳಿ, ಆರು ಸ್ಟ್ಯಾಂಡರ್ಡ್ ಜೋಡಿಯಾಗಿ 12, ಎರಡು ಕಂಟ್ರೋಲ್ ಜೋಡಿಯಾಗಿ 4. ಉಳಿದ 80ರಲ್ಲಿ ಜೋಡಿಯಾಗಿ 40 ಸ್ಯಾಂಪಲ್. ಸಿನಾಪ್ಸಿಸಿನಲ್ಲಿ 90 ಎಂದು ಬರೆದರೆ ಕೊನೆಯ ಹತ್ತಕ್ಕಾಗಿ ಮೂರನೇ ಕಿಟ್ ಕೊಳ್ಳಬೇಕು; 76 ಎಂದರೆ ಎರಡರಲ್ಲೇ ಮುಗಿದು ರಿಪೀಟಿಗೆ ನಾಲ್ಕು ಜಾಗ ಉಳಿಯುತ್ತದೆ. ಅಂಕಿಅಂಶದ ಲೆಕ್ಕಕ್ಕೆ ಅಷ್ಟು ಸಾಕೇ ಎಂಬುದನ್ನು ಮೊದಲು ನೋಡಿಯೇ ಇಳಿಸಬೇಕು ಅನ್ನಿ. ಎಲ್ಲ ರೋಗಿಗಳನ್ನು ಒಂದು ಪ್ಲೇಟಿಗೆ, ಆರೋಗ್ಯವಂತರನ್ನೆಲ್ಲ ಇನ್ನೊಂದಕ್ಕೆ ಹಾಕಿದರೆ ಪ್ಲೇಟುಗಳ ನಡುವಿನ ವ್ಯತ್ಯಾಸವೇ ನಿಮ್ಮ "ಫಲಿತಾಂಶ" ಆಗಿಬಿಡುತ್ತದೆ, ಬೆರೆಸಿ ಹಾಕಿ. ಸೀರಮನ್ನು 500 ಮೈಕ್ರೊಲೀಟರಿನಂತೆ ಎರಡು ಟ್ಯೂಬಿನಲ್ಲಿ ಹಂಚಿಡಿ, ಒಂದೇ ಟ್ಯೂಬನ್ನು ಕರಗಿಸಿ ಮತ್ತೆ ಗಟ್ಟಿಸಬೇಡಿ. ಮನೆಬಳಕೆಯ ಫ್ರಾಸ್ಟ್‌ಫ್ರೀ ಫ್ರಿಜ್ಜಿನ ಫ್ರೀಜರ್ ಬೇಡವೇ ಬೇಡ. ಹಿಮ ಕರಗಿಸಲು ಅದು ತಾನಾಗಿ ಬಿಸಿಯಾಗುತ್ತಿರುತ್ತದೆ.

ಎರಡು ವಿಧಾನಗಳನ್ನು ಹೋಲಿಸುವವರು ಕನಿಷ್ಠ 40 ಸ್ಯಾಂಪಲ್ ಇಟ್ಟುಕೊಳ್ಳಿ, ಕಡಿಮೆ, ಮಧ್ಯಮ, ಹೆಚ್ಚು ಮೂರೂ ಮಟ್ಟದವು ಇರಲಿ. ಕೋರಿಲೇಷನ್ 0.99 ಬಂತೆಂದು ಹಿಗ್ಗಬೇಡಿ. ಒಂದು ಮೆಷಿನ್ ಯಾವಾಗಲೂ 20 ಹೆಚ್ಚು ಕೊಟ್ಟರೂ ಕೋರಿಲೇಷನ್ ಹಾಗೇ ಬರುತ್ತದೆ. ಎರಡರ ವ್ಯತ್ಯಾಸವನ್ನೇ ತೋರಿಸುವ ಬ್ಲಾಂಡ್–ಆಲ್ಟ್‌ಮನ್ ಚಿತ್ರ ಹಾಕಿದರೆ ಆ 20 ಕಾಣುತ್ತದೆ.

ಪದವಿ ಬಂದ ಮೇಲೆ ಸ್ವಂತ ಲ್ಯಾಬ್ ಇಟ್ಟು ಒಬ್ಬರೇ ಸಹಿ ಹಾಕುವ ಕನಸಿದ್ದವರು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪೆಥಾಲಜಿ ಸ್ನಾತಕೋತ್ತರ ವೈದ್ಯರ ಸಹಿಯ ಬಗ್ಗೆ ಹೇಳಿದ್ದನ್ನೂ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಬಗೆಗಿನ ರಾಜ್ಯದ ಕೆಪಿಎಂಇ ಕಾಯ್ದೆಯನ್ನೂ ಓದಿಕೊಳ್ಳಿ. ಐಎಸ್‌ಒ 15189 (ವೈದ್ಯಕೀಯ ಲ್ಯಾಬುಗಳ ಗುಣಮಟ್ಟದ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆಯ ಲ್ಯಾಬುಗಳಲ್ಲಿ ಕ್ವಾಲಿಟಿ ಕೆಲಸಕ್ಕೆ ಈ ಓದು ನೇರವಾಗಿ ಒದಗುತ್ತದೆ.

ಥೀಸಿಸ್‌ನವರಿಗೆ ಇನ್ನೊಂದು: ಅನಲೈಸರಿನ ಥರ್ಮಲ್ ಪೇಪರಿನ ಪ್ರಿಂಟ್ ಬಿಸಿಲಿಗೆ ಮಾಸಿ ಬಿಳಿಯಾಗುತ್ತದೆ. ಅವತ್ತಿನದನ್ನು ಅವತ್ತೇ ಜೆರಾಕ್ಸ್ ಮಾಡಿಸಿ, ಲಾಟ್ ನಂಬರ್ ಬರೆದು ಫೈಲಿಗೆ ಹಾಕಿ.