ಯೂರಿಯಾಕ್ಕೂ ಏಳದ ಹತ್ತಿ
ತುಮಕೂರಿನ ಗೊಬ್ಬರದ ಅಂಗಡಿಯೊಂದರ ಪರವಾಗಿ ಹೊಲಗಳಿಗೆ ಹೋಗಿ ಸಲಹೆ ಕೊಡುವುದು ನನ್ನ ಕೆಲಸ. ಶಿರಾ ಕಡೆಯ ರೈತರೊಬ್ಬರ ಮಳೆಯಾಶ್ರಿತ ಹತ್ತಿ ಮೊಗ್ಗು ಬಿಡುವ ಹೊತ್ತಿಗೆ ಸೊರಗಿದಾಗ, ಕೆಳಗಿನ ಎಲೆಗಳು ಹಳದಿಯಾಗಿದ್ದುದನ್ನಷ್ಟೇ ನೋಡಿ, ಸಾರಜನಕದ ಕೊರತೆಯೆಂದು ತೀರ್ಮಾನಿಸಿ, ಇನ್ನೊಂದು ಕಂತು ಯೂರಿಯಾ ಹಾಕಿಸಿದೆ. ಹದಿನೈದು ದಿನಗಳ ನಂತರ ಅವರದೇ ಫೋನು ಬಂತು: "ಚೀಲ ಖಾಲಿ ಆಯ್ತು ಸಾರ್, ಗಿಡ ಮಾತ್ರ ಹಂಗೇ ಐತೆ."

ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಗಿಡವೊಂದನ್ನು ಮಣ್ಣಿನ ಹೆಂಟೆಯ ಸಮೇತ ಅಗೆದು, ಬಕೆಟ್ ನೀರಿನಲ್ಲಿ ಬೇರನ್ನು ಜಾಲಿಸಿ ನೋಡಿದರೆ, ತಾಯಿಬೇರು ಗೇಣುದ್ದ ಇಳಿದು ಮೊಂಡಾಗಿತ್ತು, ತುದಿಗಳು ಕಂದಾಗಿದ್ದವು. ಕೆಲವು ಎಳೆಯ ಎಲೆಗಳ ತೊಟ್ಟು ಮುರಿದಂತೆ ಬಾಗಿದ್ದುದೂ ಈಗ ಕಣ್ಣಿಗೆ ಬಿತ್ತು. ಇವು ಕ್ಯಾಲ್ಸಿಯಂ ಕೊರತೆಯ ಗುರುತುಗಳು.

ಸಾರಜನಕ ಕಡಿಮೆಯಾದರೆ ಗಿಡ ಅದನ್ನು ಹಳೆಯ ಎಲೆಯಿಂದ ಚಿಗುರಿಗೆ ಸಾಗಿಸಿಕೊಳ್ಳುತ್ತದೆ. ಆದರೆ ಎಲೆ ಸೇರಿದ ಕ್ಯಾಲ್ಸಿಯಂ ಹೆಚ್ಚುಕಡಿಮೆ ಅಲ್ಲೇ ಉಳಿಯುವುದರಿಂದ, ಬೇರಿನ ತುದಿ ತನ್ನ ಪಾಲನ್ನು ತಾನಿರುವ ಮಣ್ಣಿನಿಂದಲೇ ಪಡೆಯಬೇಕು. ಅಲ್ಲಿ ಸಿಗದಿದ್ದರೆ ಜೀವಕೋಶಗಳ ಗೋಡೆ ಮತ್ತು ಪೊರೆ ದುರ್ಬಲವಾಗಿ ಬೇರಿನ ಬೆಳವಣಿಗೆ ನಿಲ್ಲುತ್ತದೆ, ಬೇರು ಸಾರಜನಕವನ್ನು ಪಡೆಯುವ ರೂಪವಾದ ನೈಟ್ರೇಟನ್ನು ಹೀರುವ ಶಕ್ತಿ ಕುಗ್ಗುತ್ತದೆ, ಮಳೆಯೊಂದಿಗೆ ಆಳಕ್ಕಿಳಿದ ನೈಟ್ರೇಟಂತೂ ಆ ಮೊಂಡುಬೇರಿಗೆ ಎಟುಕುವುದೇ ಇಲ್ಲ. ನನ್ನ ಯೂರಿಯಾ ಇದಕ್ಕೆ ಇನ್ನಷ್ಟು ಕೇಡು ಮಾಡಿರಬೇಕು: ಅದು ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗಿ, ಬೇರು ಸೇರಲು ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ಇಳಿಯುತ್ತದೆ, ಮುಂದೆ ನೈಟ್ರೇಟ್ ಆಗುವಾಗ ಮಣ್ಣನ್ನು ಹುಳಿಯಾಗಿಸುತ್ತದೆ.

ಆ ರೈತರ ಬಳಿ ಮಣ್ಣು ಆರೋಗ್ಯ ಚೀಟಿ, ಅಂದರೆ ಸರ್ಕಾರದ ಮಣ್ಣು ಪರೀಕ್ಷೆಯ ವರದಿ, ಇತ್ತು. 2015ರಲ್ಲಿ ಆರಂಭವಾದ ಆ ಯೋಜನೆಯ ಚೀಟಿಯಲ್ಲಿ 12 ಅಂಶಗಳಿರುತ್ತವೆ, ಕ್ಯಾಲ್ಸಿಯಂ ಅವುಗಳಲ್ಲಿ ಇಲ್ಲ. ಆದರೆ ರಸಸಾರ (pH) 5.2 ಎಂದು ಬರೆದಿತ್ತು, ಅಂದರೆ ಮಣ್ಣು ಹುಳಿ; ಇಂಥ ಮಣ್ಣಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವುದು ಸಾಮಾನ್ಯ. ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ ಆ ಅಂಕಿಯೇ ಸುಳಿವು ಕೊಡಬೇಕಿತ್ತು. ನಾನು ಸಾರಜನಕದ ಸಾಲು ಬಿಟ್ಟು ಬೇರೆಡೆ ಕಣ್ಣು ಹಾಯಿಸಿರಲಿಲ್ಲ.

ಕ್ಯಾಲ್ಸಿಯಂ ಕೊಟ್ಟು ಹುಳಿಯನ್ನೂ ತೆಗೆಯುವ ಸುಣ್ಣವನ್ನು ನಿಂತ ಬೆಳೆಗೆ ಎರಚಿದರೆ ಅದು ಆ ಹಂಗಾಮಿನಲ್ಲಿ ಬೇರಿನ ಆಳಕ್ಕೆ ತಲುಪುವುದು ಕಷ್ಟ. ಕ್ಯಾಲ್ಸಿಯಂ ಇರುವ ಇನ್ನೊಂದು ಖನಿಜವಾದ ಜಿಪ್ಸಂ ಮಳೆನೀರಿನಲ್ಲಿ ಕರಗಿ ಇಳಿಯುತ್ತದೆಯಾದರೂ ಮಣ್ಣಿನ ಹುಳಿಯನ್ನು ತೆಗೆಯುವುದಿಲ್ಲ. ಹಾಗಾಗಿ ಸಾಲುಗಳ ನಡುವೆ ಜಿಪ್ಸಂ ಹಾಕಿಸಿ, ಉಳಿದ ಸಾರಜನಕವನ್ನು ಶೇ. 15.5 ಸಾರಜನಕವಿರುವ ಕ್ಯಾಲ್ಸಿಯಂ ನೈಟ್ರೇಟ್ ರೂಪದಲ್ಲಿ ಕೊಡಿಸಿದೆ. ಯೂರಿಯಾಕ್ಕಿಂತ ದುಬಾರಿಯಾದ ಆ ಗೊಬ್ಬರವನ್ನು ಹೇಳುವಾಗ ಸಂಕೋಚವಾಯಿತು. ಮೂರು ವಾರಗಳಲ್ಲಿ ಹೊಸ ಎಲೆಗಳ ತೊಟ್ಟು ನೆಟ್ಟಗೆ ನಿಂತವು, ಬಣ್ಣವೂ ಬಂತು. ಉದುರಿದ ಮೊಗ್ಗುಗಳ ನಷ್ಟ ಮಾತ್ರ ತುಂಬಲಿಲ್ಲ. ಮುಂದಿನ ಬಿತ್ತನೆಗೆ ಮೊದಲು ಕೃಷಿ ಸುಣ್ಣವನ್ನು ಉಳುಮೆಯಲ್ಲೇ ಮಣ್ಣಿಗೆ ಬೆರೆಸಿದೆವು.