ಸುಲಭವಿದ್ದಾಗಲೇ ಯಾಕೆ ಅರ್ಜಿ ಹಾಕಲಿಲ್ಲ?

2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಪೌರತ್ವದ ಪರೀಕ್ಷೆ ಬಿಗಿಯಾದಂದಿನಿಂದ ನನ್ನನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: “ರೂಲ್ಸ್ ಸುಲಭ ಇದ್ದಾಗಲೇ ಸಿಟಿಜನ್‌ಶಿಪ್ ತಗೊಂಡುಬಿಡೋದಲ್ವಾ?” ನ್ಯೂಜೆರ್ಸಿಯ ನಮ್ಮ ಕನ್ನಡ ಕೂಟದಲ್ಲಿ ಕೇಳುತ್ತಾರೆ, ಸಾಗರದಿಂದ ಫೋನು ಮಾಡುವ ಭಾವ ಕೇಳುತ್ತಾರೆ, ಹಲ್ಲಿನ ಡಾಕ್ಟರು ನನ್ನ ಬಾಯಿಯೊಳಗೆ ಎರಡು ಉಪಕರಣ ಇಟ್ಟುಕೊಂಡೇ ಕೇಳಿದರು. ಅವರೊಬ್ಬರಿಗೆ ಮಾತ್ರ ಉತ್ತರ ಕೊಡುವ ಕಷ್ಟ ನನಗೆ ಬರಲಿಲ್ಲ. ಉಳಿದವರಿಗೆ ಹೇಳಿ ಹೇಳಿ ಸಾಕಾಗಿರುವುದರಿಂದ ಒಂದೇ ಸಲ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಕಳೆದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರೊಬ್ಬರು, ನನ್ನ ಹೆಸರು ಕೇಳುವುದಕ್ಕೂ ಮೊದಲು, “ನಿಮ್ದು ಆಯ್ತಾ?” ಎಂದರು. ಖಾಲಿ ತಟ್ಟೆ ಹಿಡಿದು ನಿಂತಿದ್ದ ನಾನು, “ಇಲ್ಲ, ಈಗಷ್ಟೇ ಸಾಲಿಗೆ ಬಂದೆ” ಎಂದೆ. ಅವರು ಕೇಳಿದ್ದು ಊಟದ ವಿಷಯವಾಗಿರಲಿಲ್ಲ. ನನ್ನ ಪೌರತ್ವ ಇನ್ನೂ ಆಗಿಲ್ಲವೆಂದು ತಿಳಿದಾಗ ಅವರ ಮುಖದಲ್ಲಿ, ಮಗಳಿಗೆ ಬಂದ ಒಳ್ಳೆಯ ಸಂಬಂಧವನ್ನು ಕೈಬಿಟ್ಟವನನ್ನು ನೋಡುವಾಗಿನ ಮರುಕ ಮೂಡಿತು. ತಮ್ಮ ಕಾಲದಲ್ಲಿ, ಎಂದರೆ 2016ರಲ್ಲಿ, ಬರೀ ಹತ್ತು ಪ್ರಶ್ನೆ ಕೇಳುತ್ತಿದ್ದರೆಂದೂ ತಾವು ಹತ್ತಕ್ಕೆ ಹತ್ತೂ ಸರಿ ಹೇಳಿದ್ದರೆಂದೂ ವಿವರಿಸಿದರು. ಆ ಪರೀಕ್ಷೆಯಲ್ಲಿ ಆರು ಸರಿಯಾದ ಕೂಡಲೇ ಅಧಿಕಾರಿ ಪ್ರಶ್ನೆ ನಿಲ್ಲಿಸುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಬಿಸಿಬೇಳೆಬಾತ್ ಬಡಿಸುವವರು ಎದುರಿಗಿದ್ದರು, ಸುಮ್ಮನಾದೆ.

ನಮ್ಮವರ ಬಾಯಲ್ಲಿ ಪೌರತ್ವವನ್ನು ‘ತಗೊಳ್ಳುತ್ತಾರೆ’, ಇಲ್ಲವೇ ಅದು ‘ಆಗುತ್ತದೆ’, ಇಲ್ಲವೇ ಅದನ್ನು ‘ಮಾಡಿಸುತ್ತಾರೆ’. ತರಕಾರಿ ತಗೊಳ್ಳುವುದು, ಊಟ ಆಗುವುದು, ಖಾತೆ ಮಾಡಿಸುವುದು ಇವೆಲ್ಲ ಯಾವ ಸಾಲಿನಲ್ಲಿವೆಯೋ ಇದೂ ಅದೇ ಸಾಲಿನಲ್ಲಿದೆ. ಬಿಡುವುದು ಎಂಬ ಕ್ರಿಯಾಪದ ಈ ಮಾತುಕತೆಯಲ್ಲಿ ಎಲ್ಲಿಯೂ ಸುಳಿಯುವುದಿಲ್ಲ, ‘ತಗೊಂಡುಬಿಡಿ’ ಎನ್ನುವಾಗ ಬಾಲಕ್ಕೆ ಅಂಟಿಕೊಂಡು ಬರುವುದನ್ನು ಬಿಟ್ಟರೆ.

ಏನು ಬಿಗಿಯಾಗಿದೆ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಕೇಳುವವರಲ್ಲಿ ಹಲವರಿಗೆ ಅದೇ ಸರಿಯಾಗಿ ಗೊತ್ತಿಲ್ಲ. ಹಳೆಯ ಪರೀಕ್ಷೆಯಲ್ಲಿ ಅಮೆರಿಕದ ಇತಿಹಾಸ, ಆಡಳಿತದ ಮೇಲಿನ 100 ಪ್ರಶ್ನೆಗಳ ಪಟ್ಟಿಯಿಂದ ಹೆಚ್ಚೆಂದರೆ 10 ಕೇಳುತ್ತಿದ್ದರು, 6 ಸರಿಯಾದರೆ ತೇರ್ಗಡೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಸಲ್ಲಿಸುವವರಿಗೆ ಪಟ್ಟಿ 128 ಪ್ರಶ್ನೆಗಳದ್ದು. ಅದರಲ್ಲಿ 20ರವರೆಗೆ ಕೇಳುತ್ತಾರೆ, 12 ಸರಿಯಾಗಬೇಕು, 9 ತಪ್ಪಾದರೆ ಅಲ್ಲಿಗೆ ಮುಗಿಯಿತು. ಹೆಚ್ಚುಕಡಿಮೆ ಇದೇ ಪರೀಕ್ಷೆಯನ್ನು 2020ರ ಡಿಸೆಂಬರ್‌ನಲ್ಲಿ ಒಮ್ಮೆ ತಂದು, ಸರ್ಕಾರ ಬದಲಾದ ಮೇಲೆ ಕೆಲವೇ ತಿಂಗಳಲ್ಲಿ ಹಿಂತೆಗೆದುಕೊಂಡಿದ್ದರು. ತೇರ್ಗಡೆಯ ಮಟ್ಟ ಆಗಲೂ ಶೇಕಡಾ 60, ಈಗಲೂ ಶೇಕಡಾ 60. ಗೈಡ್ ಉರುಹೊಡೆದು ಪಿಯುಸಿ ದಾಟಿದ ನಮ್ಮಂಥವರಿಗೆ 128 ಪ್ರಶ್ನೆ ಯಾವ ಮೂಲೆಗೆ? ನಲವತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿಯುತ್ತ, ಎರಡೆರಡು ಪಾಳಿ ದುಡಿಯುವವರ ಪಾಲಿಗೆ ಮಾತ್ರ ಇದು ನಿಜವಾಗಿಯೂ ಬಿಗಿಯಾಗಿದೆ, ಮತ್ತು ಅವರು ಯಾರೂ ನಮ್ಮ ಬಿಸಿಬೇಳೆಬಾತ್ ಸಾಲಿನಲ್ಲಿ ಇರುವುದಿಲ್ಲ.

ನನಗೆ ದಿಗಿಲು ಹುಟ್ಟಿಸಿದ್ದು 2025ರ ಆಗಸ್ಟ್‌ನಲ್ಲಿ ಹೊರಬಿದ್ದ ಎರಡು ಸುತ್ತೋಲೆಗಳು. ಮೊದಲನೆಯದು ಅರ್ಜಿದಾರನ ಸನ್ನಡತೆಯ ಕುರಿತದ್ದು. ಅಪರಾಧ ಮಾಡಿಲ್ಲ ಎಂಬಷ್ಟೇ ಸಾಲದು. ಊರಿಗೆ ಉಪಕಾರ, ಮನೆಯವರ ಆರೈಕೆ, ಓದು, ಉದ್ಯೋಗ, ತೆರಿಗೆ ಇವನ್ನೆಲ್ಲ ತೂಗಿ ನೋಡಬೇಕು, ಪದೇ ಪದೇ ಮಾಡಿದ ಸಂಚಾರ ನಿಯಮದ ಉಲ್ಲಂಘನೆಗಳನ್ನೂ ಗಮನಿಸಬಹುದು ಎಂದು ಅದು ಹೇಳುತ್ತದೆ. ನನ್ನ ಎಸ್ಸೆಸ್ಸೆಲ್ಸಿ ವರ್ಗಾವಣೆ ಪತ್ರದಲ್ಲಿ ‘ನಡತೆ: ತೃಪ್ತಿಕರ’ ಎಂದು ಬರೆದು ಹೆಡ್‌ಮೇಷ್ಟ್ರು ಸಹಿ ಹಾಕಿದ್ದನ್ನು ಬಿಟ್ಟರೆ ಈ ವಿಷಯದಲ್ಲಿ ನನ್ನ ಬಳಿ ಬೇರೆ ದಾಖಲೆ ಇಲ್ಲ. ಎರಡನೆಯ ಸುತ್ತೋಲೆ, 1991ರಿಂದ ಬಹುಮಟ್ಟಿಗೆ ಕೈಬಿಟ್ಟಿದ್ದ ನೆರೆಹೊರೆ ವಿಚಾರಣೆಗೆ ಮತ್ತೆ ಜೀವ ಕೊಟ್ಟಿತು. ನೆರೆಯವರಿಂದ, ಕೆಲಸ ಕೊಟ್ಟವರಿಂದ, ಸಹೋದ್ಯೋಗಿಗಳಿಂದ ಪತ್ರ ತರಲು ಅಧಿಕಾರಿ ಹೇಳಬಹುದು. ಹನ್ನೊಂದು ವರ್ಷಗಳಿಂದ ಪಕ್ಕದ ಮನೆಯಲ್ಲಿರುವಾತ ನನ್ನೊಡನೆ ಆಡಿದ ಅತಿ ದೀರ್ಘವಾದ ಮಾತು ಕಸದ ಡಬ್ಬಿ ಇಡುವ ವಾರ ಬದಲಾದದ್ದರ ಕುರಿತಾಗಿತ್ತು. ಈ ಚಳಿಗಾಲದಲ್ಲಿ ನಮ್ಮ ಕಾಲುದಾರಿಯ ಹಿಮ ಎತ್ತುವಾಗ ಅವನ ಕಡೆಯ ನಾಲ್ಕು ಅಡಿಯನ್ನೂ ಎತ್ತಿದ್ದೇನೆ. ಅದು ಉಪಕಾರಬುದ್ಧಿಯೋ ಅರ್ಜಿಯ ಪೂರ್ವಸಿದ್ಧತೆಯೋ ನನಗೇ ಸ್ಪಷ್ಟವಾಗಿಲ್ಲ.

ಬಿಗಿ ಮಾಡುವುದು, ಸಡಿಲಿಸುವುದು ಈ ದೇಶಕ್ಕೆ ಹೊಸದಲ್ಲ. 1790ರ ಕಾನೂನಿನಲ್ಲಿ ಎರಡು ವರ್ಷದ ವಾಸ ಸಾಕಿತ್ತು. 1795ರಲ್ಲಿ ಅದು ಐದಾಯಿತು, 1798ರಲ್ಲಿ ಹದಿನಾಲ್ಕಾಯಿತು, 1802ರಲ್ಲಿ ಮತ್ತೆ ಐದಕ್ಕೆ ಇಳಿದು ಅಲ್ಲಿಯೇ ನಿಂತಿದೆ. ಆದರೆ ಆ ಎರಡು ವರ್ಷದ ಉದಾರತೆ ‘ಸ್ವತಂತ್ರ ಬಿಳಿಯರಿಗೆ’ ಮಾತ್ರ ಮೀಸಲಾಗಿತ್ತು. ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ, ನೀನು ಬಿಳಿಯನಲ್ಲ, ಆದ್ದರಿಂದ ಪೌರನಾಗಲಾರೆ ಎಂದು 1923ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಆ ತೀರ್ಪಿನ ಬಲದಿಂದ ಕಿತ್ತುಕೊಂಡರು. ಭಾರತೀಯರಿಗೆ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವಲಸೆಗೆ ವರ್ಷಕ್ಕೆ 100 ಜನರ ಮಿತಿಯೊಂದಿಗೆ. ಆದ್ದರಿಂದ ‘ನಮ್ಮ ಕಾಲ’ ಎಂದು 2016ನ್ನು ನೆನೆಯುವವರು ಸ್ವಲ್ಪ ನಿಧಾನಿಸಿದರೆ ಒಳ್ಳೆಯದು.

ನನ್ನ ಸಾಲು ಬೇರೆಯೇ ಇತ್ತು. ನಾನು ಬಂದದ್ದು 2005ರಲ್ಲಿ, ಗ್ರೀನ್ ಕಾರ್ಡಿನ ಸಾಲಿನಲ್ಲಿ ನನಗೆ ಸಿಕ್ಕ ದಿನಾಂಕ 2009ರ ಫೆಬ್ರವರಿಯದ್ದು, ಕಾರ್ಡು ಕೈಗೆ ಬಂದದ್ದು 2018ರ ಕೊನೆಗೆ. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ವರ್ಷದ ಒಟ್ಟು ಸಂಖ್ಯೆಯಲ್ಲಿ ಶೇಕಡಾ 7ಕ್ಕಿಂತ ಹೆಚ್ಚು ಕೊಡಬಾರದೆಂಬ ನಿಯಮದಿಂದಾಗಿ ಭಾರತದಲ್ಲಿ ಹುಟ್ಟಿದವರ ಸಾಲು ಆಮೆಯ ಹೆಜ್ಜೆ ಇಡುತ್ತದೆ, ಕೆಲವು ತಿಂಗಳು ಹಿಂದಕ್ಕೂ ನಡೆಯುತ್ತದೆ. ಪೌರತ್ವಕ್ಕೆ ಬೇಕಾದ ಐದು ವರ್ಷಗಳ ಲೆಕ್ಕ ಶುರುವಾಗುವುದೇ ಕಾರ್ಡು ಬಂದ ಮೇಲೆ. ಆ ಹತ್ತು ವರ್ಷ ಯಾರೂ ‘ಆಯ್ತಾ’ ಎಂದು ಕೇಳಲಿಲ್ಲ, ಏಕೆಂದರೆ ಎಲ್ಲರದ್ದೂ ಆಗಿರಲಿಲ್ಲ.

ಆದರೂ ಲೆಕ್ಕ ಹಾಕುವವರು ಬಿಡುವುದಿಲ್ಲ. ಹಾಗಾದರೆ 2023ರ ಕೊನೆಯಿಂದ 2025ರ ಅಕ್ಟೋಬರ್‌ವರೆಗೆ ಎರಡು ವರ್ಷ ಸಮಯವಿತ್ತಲ್ಲ? ಇತ್ತು, ಒಪ್ಪಿದೆ. ಬಹಳ ದಿನ ನಾನು ತೋಟದ ನೆಪ ಹೇಳುತ್ತಿದ್ದೆ: ಪೌರತ್ವ ಬದಲಾದರೆ ಅಪ್ಪನ ಅಡಿಕೆ ತೋಟ ನನಗೆ ಬರುವುದಿಲ್ಲ ಎಂದು. ಕೇಳಿದವರು ತೋಟ ಎಂದ ಕೂಡಲೇ ಗೌರವದಿಂದ ತಲೆಯಾಡಿಸುತ್ತಿದ್ದರು. ಈ ನೆಪವನ್ನು ಸಾಗರದಲ್ಲಿ ವಕೀಲಿಕೆ ಮಾಡುವ ಚಿಕ್ಕಪ್ಪನ ಮಗ ಎರಡು ನಿಮಿಷದಲ್ಲಿ ಮುರಿದುಹಾಕಿದ. “ಅಣ್ಣಾ, ಹೊರಗಿರುವ ನೀನು ಈಗಲೂ ಒಂದು ಗುಂಟೆ ಕೃಷಿಭೂಮಿ ಕೊಳ್ಳುವ ಹಾಗಿಲ್ಲ, ಆಮೇಲೂ ಇಲ್ಲ. ದೊಡ್ಡಪ್ಪನಿಂದ ವಾರಸಾಗಿ ಬರುವುದಾದರೆ ಈಗಲೂ ಬರುತ್ತದೆ, ಆಮೇಲೂ ಬರುತ್ತದೆ. ಬೇರೆ ಕಾರಣ ಹುಡುಕು” ಎಂದ.

ಬೇರೆ ಕಾರಣ ಇದ್ದದ್ದನ್ನು ಹೇಳಿದರೆ ಜನ ನಗುತ್ತಾರೆಂದು ಹೇಳಿರಲಿಲ್ಲ. ಹೊರದೇಶದಲ್ಲಿರುವ ಭಾರತದ ಪೌರರು ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಊರಿನಲ್ಲಿ ಮತದಾರರಾಗಬಹುದೆಂದು 2010ರಲ್ಲಿ ಕಾನೂನು ತಿದ್ದುಪಡಿಯಾಯಿತು. ಆದರೆ ಮತವನ್ನು ಖುದ್ದಾಗಿ ಬಂದೇ ಹಾಕಬೇಕು. 2018ರಲ್ಲಿ ನಾನು ಆ ಅರ್ಜಿ ತುಂಬಿದ್ದೆ. 2019ರ ಏಪ್ರಿಲ್ 23ರಂದು, 1,400 ಡಾಲರ್ ಟಿಕೆಟ್ ಕೊಂಡು ಹೋಗಿ, ಅಪ್ಪ ಇಪ್ಪತ್ತೆರಡು ವರ್ಷ ಪಾಠ ಮಾಡಿದ ಸರ್ಕಾರಿ ಶಾಲೆಯ ಮತಗಟ್ಟೆಯಲ್ಲಿ ನಿಂತೆ. ಮನೆ ನಂಬರಿನ ಪ್ರಕಾರ ನನ್ನ ಹೆಸರು ಸಿಗಲಿಲ್ಲ. ಅಧಿಕಾರಿ ಹಾಳೆ ಮಗುಚುತ್ತ ಮಗುಚುತ್ತ ಕೊನೆಗೆ ಹೋದರು. ಅಲ್ಲಿ ಹೊರದೇಶದ ಮತದಾರರಿಗೆಂದೇ ಇದ್ದ ಭಾಗದಲ್ಲಿ ಒಂದೇ ಒಂದು ಹೆಸರಿತ್ತು. ಏಜೆಂಟರಿಬ್ಬರೂ ಪಕ್ಷಭೇದ ಮರೆತು “ಮೇಷ್ಟ್ರ ಮಗ” ಎಂದು ಗುರುತು ಹೇಳಿದರೂ ಅಧಿಕಾರಿ ಒಪ್ಪಲಿಲ್ಲ. ಇಂಥ ಮತದಾರರಿಗೆ ಗುರುತಿನ ಚೀಟಿ ಕೊಡುವುದಿಲ್ಲ, ಪಾಸ್‌ಪೋರ್ಟಿನ ಮೂಲಪ್ರತಿಯನ್ನೇ ತೋರಿಸಬೇಕು. ನನ್ನ ಪಾಸ್‌ಪೋರ್ಟನ್ನು ಅವರು ಬೆಂಗಳೂರಿನ ವಿಮಾನ ನಿಲ್ದಾಣದವರಿಗಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ಎಡಗೈ ತೋರುಬೆರಳಿಗೆ ಮೈಸೂರು ಪೇಂಟ್ಸ್‌ನ ಶಾಯಿ ಬಿತ್ತು. ಎರಡು ವಾರದ ನಂತರ ಇಲ್ಲಿ ಆಫೀಸಿನವರು, ಬೆರಳು ಕಾರಿನ ಬಾಗಿಲಿಗೆ ಸಿಕ್ಕಿಕೊಂಡಿತೇ ಎಂದು ಕೇಳಿದರು.

ಇಲ್ಲಿ ಪ್ರಮಾಣವಚನ ಸ್ವೀಕರಿಸಿದರೆ, ಭಾರತದ 1955ರ ಪೌರತ್ವ ಕಾಯಿದೆಯ 9ನೇ ಕಲಮಿನ ಪ್ರಕಾರ ಅಲ್ಲಿನ ಪೌರತ್ವ ತಾನಾಗಿಯೇ ಹೋಗುತ್ತದೆ. ಯಾರೂ ಪತ್ರ ಬರೆದು ತಿಳಿಸುವುದಿಲ್ಲ, ಕೇಳುವುದೂ ಇಲ್ಲ. ಅದೇ ಪಾಸ್‌ಪೋರ್ಟನ್ನು ಒಪ್ಪಿಸಿ ರದ್ದು ಮಾಡಿಸಬೇಕು. ಬದಲಿಗೆ ಸಿಗುವ ಓಸಿಐ ಕಾರ್ಡಿಗೆ ಕನ್ನಡದಲ್ಲಿ ಸಾಗರೋತ್ತರ ಭಾರತೀಯ ಪೌರ ಎಂದು ಹೆಸರು, ಹೆಸರಿನಲ್ಲಿರುವ ಪೌರನಿಗೆ ಮತದ ಹಕ್ಕಿಲ್ಲ. ಸಾಗರದವನು ಸಾಗರೋತ್ತರನಾಗುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು ಎಂದರೆ ಅದಕ್ಕೆ ನಿಯಮಗಳ ಬಿಗಿಯೂ ಕಾರಣವಲ್ಲ, ಸಡಿಲವೂ ಕಾರಣವಲ್ಲ. ಇಲ್ಲಿನ ಪ್ರಮಾಣವಚನದಲ್ಲಿ ಪರದೇಶದ ರಾಜರಿಗೂ ಅಧಿಪತಿಗಳಿಗೂ ತೋರುತ್ತಿದ್ದ ನಿಷ್ಠೆಯನ್ನು ತೊರೆಯುತ್ತೇನೆ ಎನ್ನಬೇಕು. ಅದು ಕಷ್ಟವಲ್ಲ, ನಮ್ಮ ಕೆಳದಿಯ ಅರಸರ ಆಳ್ವಿಕೆ 1763ರಲ್ಲೇ ಮುಗಿದಿದೆ. ಮತದಾರರ ಪಟ್ಟಿಯ ಕೊನೆಯ ಹಾಳೆಯ ಬಗ್ಗೆ ಮಾತ್ರ ಅದರಲ್ಲಿ ಪ್ರತ್ಯೇಕವಾಗಿ ಏನೂ ಇಲ್ಲ.

ಇಷ್ಟು ಹೇಳಿಕೊಂಡ ಮೇಲೆ ಉಳಿದದ್ದನ್ನೂ ಹೇಳಬೇಕು. 2023ರ ಮೇ 10ರ ವಿಧಾನಸಭಾ ಚುನಾವಣೆಗೆ ನಾನು ಹೋಗಲಿಲ್ಲ, 2024ರ ಮೇ 7ರ ಲೋಕಸಭಾ ಚುನಾವಣೆಗೂ ಹೋಗಲಿಲ್ಲ; ಮಗಳ ಪರೀಕ್ಷೆ, ರಜೆ, ಟಿಕೆಟ್ಟಿನ ದರ, ಇವೆಲ್ಲ ಇದ್ದವು. ಆರೇ ತಿಂಗಳಲ್ಲಿ ಇಲ್ಲಿ ಅಧ್ಯಕ್ಷರ ಚುನಾವಣೆ ಬಂತು, ಅದರಲ್ಲಿ ನನಗೆ ಮತವೇ ಇರಲಿಲ್ಲ. ಒಂದೇ ವರ್ಷದಲ್ಲಿ ಎರಡು ದೇಶಗಳು ಮತ ಹಾಕಿದವು, ಎರಡಕ್ಕೂ ತೆರಿಗೆ ಕಟ್ಟಿದ ನಾನು ಎರಡರಲ್ಲೂ ಮನೆಯಲ್ಲೇ ಕುಳಿತಿದ್ದೆ. “ಯಾಕೆ ಬೇಗ ತಗೊಳ್ಳಲಿಲ್ಲ” ಎನ್ನುವವರಲ್ಲಿ ಒಬ್ಬರಾದರೂ “ಹಾಗಾದರೆ ನೀವು ವೋಟು ಹಾಕುವುದು ಎಲ್ಲಿ?” ಎಂದು ಕೇಳಿದ್ದರೆ ನನ್ನ ಜಂಬವೆಲ್ಲ ಅಲ್ಲೇ ಇಳಿಯುತ್ತಿತ್ತು. 128 ಪ್ರಶ್ನೆಗಳ ಪಟ್ಟಿಯೇ ಅವರಿಗಿಂತ ವಾಸಿ. ಮತ ಹಾಕುವ, ಜ್ಯೂರಿಯಲ್ಲಿ ಕೂರುವ ಹಕ್ಕು ಯಾರಿಗೆ ಎಂದು ಅದು ನೇರವಾಗಿ ಕೇಳುತ್ತದೆ. ಪೌರರಿಗೆ ಎಂಬುದು ಉತ್ತರ. ಆ ಪ್ರಶ್ನೆಯನ್ನು ನಾನು ಉರುಹೊಡೆಯಬೇಕಾಗಿ ಬರಲಿಲ್ಲ.

ಹೋದ ತಿಂಗಳು 710 ಡಾಲರ್ ಕಟ್ಟಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದ್ದೇನೆ. ಆದ್ದರಿಂದ ‘ಆಯ್ತಾ’ ಎಂಬ ಪ್ರಶ್ನೆಗೆ, ಇಲ್ಲ, ಆಗುತ್ತಿದೆ ಎಂದು ತಿಳಿಯತಕ್ಕದ್ದು. ಅಪ್ಪನಿಗೆ ತಿಳಿಸುವುದನ್ನು ಮೂರು ಭಾನುವಾರ ಮುಂದೂಡಿದೆ. ಮೂವತ್ತು ವರ್ಷ ಚುನಾವಣೆ ಡ್ಯೂಟಿ ಮಾಡಿ, ಮತಪೆಟ್ಟಿಗೆಗಳನ್ನು ಶರಾವತಿ ಹಿನ್ನೀರಿನ ಲಾಂಚಿನಲ್ಲಿ ಮಡಿಲಲ್ಲಿಟ್ಟುಕೊಂಡು ದಾಟಿಸಿದ ಮನುಷ್ಯ. ಕೊನೆಯ ಹಾಳೆಯ ಹೆಸರು ಹೋಗುತ್ತದೆಂದು ಬೇಸರ ಮಾಡಿಕೊಂಡಾರು ಎಂದು ಅಂಜಿದ್ದೆ. ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಅಲ್ಲಿ ನಿನ್ನ ಬೂತು ಎಲ್ಲಿ ಬೀಳ್ತದೆ?” ಎಂದರು.

ಮನೆಯಿಂದ ಅರ್ಧ ಮೈಲಿ, ಅಗ್ನಿಶಾಮಕ ಠಾಣೆಯಲ್ಲಿ, ಎಂದೆ. ಅದನ್ನು ಆಗಲೇ ಹುಡುಕಿಟ್ಟುಕೊಂಡಿದ್ದೆ.

“ಶಾಯಿ ಹಾಕ್ತಾರಾ?”

“ಇಲ್ಲ ಅಪ್ಪ, ಇಲ್ಲಿ ಶಾಯಿ ಇಲ್ಲ. ಹಾಕಿದ ಮೇಲೆ ಅಂಗಿಗೆ ಅಂಟಿಸಿಕೊಳ್ಳಲಿಕ್ಕೆ ಒಂದು ಸ್ಟಿಕ್ಕರ್ ಕೊಡ್ತಾರೆ.”

“ಸ್ಟಿಕ್ಕರ್ರಾ?” ಎಂದು ಅಪ್ಪ ಎರಡು ಸಲ ಕೇಳಿದರು. ಆಮೇಲೆ ಫೋನನ್ನು ಅಮ್ಮನ ಕೈಗೆ ಕೊಡುತ್ತ, “ಅದನ್ನ ಕಿತ್ತು ಇನ್ನೊಬ್ಬ ಹಚ್ಕೊಂಡ್ರೆ?” ಎಂದು ಅವಳನ್ನೇ ಕೇಳುತ್ತಿದ್ದದ್ದು ನನಗೂ ಕೇಳಿಸಿತು.